ಹವಾಮಾನ ಮುನ್ಸೂಚನೆ ಮತ್ತು ಅದರ ಮಿತಿ: ಪ್ರೊ. ರೊದ್ದಂ ನರಸಿಂಹ ಅವರ ಕೊಡುಗೆ

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಮಳೆಯ ಮುನ್ಸೂಚನೆಯನ್ನು ಆಧರಿಸಿ ರೈತರು ಬಿತ್ತನೆಯ ದಿನವನ್ನು ನಿರ್ಧರಿಸುತ್ತಾರೆ, ನಗರವಾಸಿಗಳು ತಗ್ಗು ಪ್ರದೇಶದ ಮನೆಗಳಿಂದ ಸಾಮಾನು ಸರಂಜಾಮುಗಳನ್ನು ಸ್ಥಳಾಂತರಿಸುತ್ತಾರೆ, ಜಿಲ್ಲಾಡಳಿತವು ಶಾಲೆಗಳಿಗೆ ರಜೆ ಘೋಷಿಸುತ್ತದೆ. ಮುನ್ಸೂಚನೆಯಂತೆ ಮಳೆ ಬಾರದಿದ್ದಾಗ ಅಥವಾ ಸೂಚನೆಯಿಲ್ಲದೆ ಮಳೆ ಸುರಿದಾಗ, ಇಷ್ಟೊಂದು ಉಪಗ್ರಹಗಳೂ ಸೂಪರ್ ಕಂಪ್ಯೂಟರುಗಳೂ ಇರುವಾಗ ಹೀಗೇಕೆ ಆಗುತ್ತದೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಈ ಪ್ರಶ್ನೆಗೆ ಉತ್ತರ ಅವ್ಯವಸ್ಥಾ ಸಿದ್ಧಾಂತದಲ್ಲಿದೆ. ಕೇಯಾಸ್ ಸಿದ್ಧಾಂತವೆಂದು ಜಗತ್ತಿನಾದ್ಯಂತ ಪರಿಚಿತವಾಗಿರುವ ಇದನ್ನು ಹವಾಮಾನ ವಿಜ್ಞಾನದಲ್ಲಿ ನೆಲೆಗೊಳಿಸಿದವರು ಅಮೆರಿಕದ ಎಡ್ವರ್ಡ್ ಲೊರೆಂಜ್. ಹರಿವಿನ ಇಂತಹ ಅನಿಶ್ಚಿತ ವರ್ತನೆಯನ್ನು ಜೀವನದುದ್ದಕ್ಕೂ ಅಧ್ಯಯನ ಮಾಡಿ, ಆ ತಿಳಿವಳಿಕೆಯನ್ನು ನಮ್ಮ ಮುಂಗಾರಿನ ಮುನ್ಸೂಚನೆಗೆ ಅನ್ವಯಿಸಿದ ವಿಜ್ಞಾನಿಗಳಲ್ಲಿ ಬೆಂಗಳೂರಿನ ಪ್ರೊ. ರೊದ್ದಂ ನರಸಿಂಹ ಅವರು (1933–2020) ಅಗ್ರಗಣ್ಯರು. ಯಶವಂತಪುರದ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಯಲಹಂಕದ ಸಮೀಪದ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಅವರು ನಡೆಸಿದ ಕಾರ್ಯವನ್ನು ಹಾಗೂ ಮುನ್ಸೂಚನೆಗಳನ್ನು ನಾಗರಿಕರು ಅರ್ಥಮಾಡಿಕೊಳ್ಳಬೇಕಾದ ಬಗೆಯನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಅವ್ಯವಸ್ಥಾ ಸಿದ್ಧಾಂತದ ಹಿನ್ನೆಲೆ

ಎಡ್ವರ್ಡ್ ಲೊರೆಂಜ್ (1917–2008) ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆಗೆ ಹವಾಮಾನ ಮುನ್ಸೂಚಕರಾಗಿದ್ದವರು. ಅನಂತರ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. 1961ರಲ್ಲಿ ಅವರು 12 ಸಮೀಕರಣಗಳ ಒಂದು ಸರಳ ಹವಾಮಾನ ಮಾದರಿಯನ್ನು ಗಣಕಯಂತ್ರದಲ್ಲಿ ನಡೆಸುತ್ತಿದ್ದರು. ಹಿಂದೆ ಮಾಡಿದ್ದ ಲೆಕ್ಕವೊಂದನ್ನು ಮತ್ತೆ ನೋಡಬೇಕಾಗಿ ಬಂದು, ಮುದ್ರಿತ ಕಾಗದದಲ್ಲಿದ್ದ ಅಂಕಿಗಳನ್ನೇ ಯಂತ್ರಕ್ಕೆ ನೀಡಿದರು. ಯಂತ್ರದ ಒಳಗೆ ಇದ್ದ ಸಂಖ್ಯೆ 0.506127; ಕಾಗದದಲ್ಲಿ ಮುದ್ರಿತವಾಗಿದ್ದುದು 0.506 ಮಾತ್ರ. ಇಷ್ಟು ಅಲ್ಪ ವ್ಯತ್ಯಾಸದಿಂದ ಏನೂ ಆಗಲಾರದೆಂಬುದು ಅಂದಿನ ನಂಬಿಕೆಯಾಗಿತ್ತು. ಆದರೆ ಹೊಸ ಲೆಕ್ಕವು ಮೊದಮೊದಲು ಹಳೆಯದನ್ನೇ ಅನುಸರಿಸಿ, ಕ್ರಮೇಣ ಬೇರೆಯಾಗಿ, ಕೊನೆಗೆ ಎರಡಕ್ಕೂ ಯಾವ ಹೋಲಿಕೆಯೂ ಉಳಿಯಲಿಲ್ಲ.

ಈ ಅನುಭವವನ್ನು ಅವರು ಕೇವಲ ಮೂರು ಸಮೀಕರಣಗಳಿಗೆ ಇಳಿಸಿ 1963ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ಅದರ ಸಾರಾಂಶವಿಷ್ಟೇ: ನಿಯಮಗಳು ಖಚಿತವಾಗಿದ್ದರೂ, ಆರಂಭದ ಸ್ಥಿತಿಯನ್ನು ಪೂರ್ಣ ನಿಖರತೆಯಿಂದ ಅಳೆಯಲು ಸಾಧ್ಯವಿಲ್ಲದಿರುವುದರಿಂದ, ದೂರದ ಭವಿಷ್ಯದ ವಿವರಗಳನ್ನು ಮುಂಚಿತವಾಗಿ ಹೇಳಲಾಗದು. 1972ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಅವರು ನೀಡಿದ ಉಪನ್ಯಾಸದ ಶೀರ್ಷಿಕೆಯಲ್ಲಿ ಬ್ರೆಜಿಲ್ಲಿನ ಚಿಟ್ಟೆಯ ರೆಕ್ಕೆಬಡಿತವೂ ಟೆಕ್ಸಾಸಿನ ಸುಂಟರಗಾಳಿಯೂ ಒಟ್ಟಿಗೆ ಬಂದವು. ‘ಚಿಟ್ಟೆ ಪರಿಣಾಮ’ ಎಂಬ ಮಾತು ಜನಜನಿತವಾದದ್ದು ಹೀಗೆ. ಚಿಟ್ಟೆಯೇ ಬಿರುಗಾಳಿಯನ್ನು ಉಂಟುಮಾಡುತ್ತದೆ ಎಂಬುದು ಇದರ ಅರ್ಥವಲ್ಲ. ಅಷ್ಟು ಸಣ್ಣ ವ್ಯತ್ಯಾಸವೂ ಕಾಲಕ್ರಮದಲ್ಲಿ ಇಡೀ ಲೆಕ್ಕವನ್ನು ಬದಲಿಸಬಲ್ಲದು ಎಂಬುದಷ್ಟೇ ಇದರ ಅರ್ಥವಾಗಿರುತ್ತದೆ.

3. ಒಂದು ಸರಳ ಉದಾಹರಣೆ

ಸಾಮಾನ್ಯ ಕ್ಯಾಲ್ಕುಲೇಟರ್ ಇರುವ ಯಾರಾದರೂ, ವಿಶೇಷವಾಗಿ ವಿದ್ಯಾರ್ಥಿಗಳು, ಈ ಸಂಗತಿಯನ್ನು ಸ್ವತಃ ಪರೀಕ್ಷಿಸಬಹುದಾಗಿದೆ. ಸೊನ್ನೆ ಮತ್ತು ಒಂದರ ನಡುವಿನ ಒಂದು ಸಂಖ್ಯೆಯನ್ನು ತೆಗೆದುಕೊಳ್ಳಬೇಕು. ಅದನ್ನು ಒಂದರಿಂದ ಕಳೆದು ಬಂದ ಶೇಷದಿಂದ ಅದೇ ಸಂಖ್ಯೆಯನ್ನು ಗುಣಿಸಿ, ಗುಣಲಬ್ಧವನ್ನು ಮತ್ತೆ 4ರಿಂದ ಗುಣಿಸಬೇಕು. ಬಂದ ಉತ್ತರದ ಮೇಲೆ ಇದೇ ಕ್ರಮವನ್ನು ಪುನಃ ಪುನಃ ನಡೆಸಬೇಕು. 0.300 ಮತ್ತು 0.301 ಎಂಬ ಎರಡು ಸಂಖ್ಯೆಗಳಿಂದ ಆರಂಭಿಸಿದಾಗ ದೊರೆಯುವ ಉತ್ತರಗಳು ಈ ಕೆಳಗಿನಂತಿವೆ:

1ನೆಯ ಹಂತ: 0.8400 ಮತ್ತು 0.8416
2ನೆಯ ಹಂತ: 0.5376 ಮತ್ತು 0.5332
4ನೆಯ ಹಂತ: 0.0225 ಮತ್ತು 0.0176
6ನೆಯ ಹಂತ: 0.3208 ಮತ್ತು 0.2576
8ನೆಯ ಹಂತ: 0.4476 ಮತ್ತು 0.7190

ಇಲ್ಲಿ ನಿಯಮ ಒಂದೇ; ಯಾವ ಅಂಶವೂ ಗುಪ್ತವಾಗಿಲ್ಲ. ಆದರೂ ಸಾವಿರದಲ್ಲಿ ಒಂದರಷ್ಟಿದ್ದ ವ್ಯತ್ಯಾಸ ಎಂಟು ಹಂತಗಳಲ್ಲಿ ಕಾಲು ಭಾಗವನ್ನೂ ಮೀರಿದೆ. ವಾತಾವರಣವು ಈ ಲೆಕ್ಕಕ್ಕಿಂತ ಎಷ್ಟೋ ಪಾಲು ಜಟಿಲವಾದುದು. ಗಾಳಿ, ಉಷ್ಣತೆ, ಒತ್ತಡ ಹಾಗೂ ತೇವಾಂಶಗಳನ್ನು ಕೆಲವೇ ಸ್ಥಳಗಳಲ್ಲಿ, ಉಪಕರಣಗಳ ಮಿತಿಯೊಳಗೆ ಅಳೆಯಲಾಗುತ್ತದೆ. ಅಳತೆಯ ದೋಷವು ಎರಡು ದಿನಗಳಿಗೊಮ್ಮೆ ಇಮ್ಮಡಿಯಾಗುತ್ತದೆಂದು ಭಾವಿಸಿದರೆ, ಹತ್ತು ದಿನಗಳಲ್ಲಿ ಅದು 32 ಪಟ್ಟಾಗುತ್ತದೆ. ಅಳತೆಯ ನಿಖರತೆಯನ್ನು ಎರಡು ಪಟ್ಟು ಹೆಚ್ಚಿಸಿದರೂ ದೊರೆಯುವ ಲಾಭ ಇನ್ನೆರಡು ದಿನಗಳ ಮುನ್ಸೂಚನೆ ಮಾತ್ರ. ದಿನದಿನದ ಹವೆಯನ್ನು ವಿವರವಾಗಿ ಹೇಳಲು ಸುಮಾರು ಎರಡು ವಾರಗಳ ಮಿತಿಯಿದೆ ಎಂದು ವಿಜ್ಞಾನಿಗಳು ಪರಿಗಣಿಸಿರುವುದು ಈ ಕಾರಣದಿಂದಲೇ.

4. ಪ್ರೊ. ರೊದ್ದಂ ನರಸಿಂಹ: ಜೀವನ ವಿವರ

ರೊದ್ದಂ ನರಸಿಂಹ ಅವರು 1933ರ ಜುಲೈ 20ರಂದು ಜನಿಸಿದರು. ಬೆಂಗಳೂರಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ (ಇಂದಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜು) 1953ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದು, ಭಾರತೀಯ ವಿಜ್ಞಾನ ಸಂಸ್ಥೆಯ ವೈಮಾನಿಕ ಎಂಜಿನಿಯರಿಂಗ್ ವಿಭಾಗವನ್ನು ಸೇರಿದರು. ಅಲ್ಲಿ ಅವರಿಗೆ ಮಾರ್ಗದರ್ಶಕರಾಗಿದ್ದವರು ಮುಂದೆ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಅಧ್ಯಕ್ಷರಾದ ಸತೀಶ್ ಧವನ್. ಅಮೆರಿಕದ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಲ್ಲಿ ಹ್ಯಾನ್ಸ್ ಲೀಪ್‌ಮನ್ ಅವರ ಮಾರ್ಗದರ್ಶನದಲ್ಲಿ 1961ರಲ್ಲಿ ಡಾಕ್ಟರೇಟ್ ಪಡೆದು, 1962ರಲ್ಲಿ ಬೆಂಗಳೂರಿಗೆ ಮರಳಿ ವಿಜ್ಞಾನ ಸಂಸ್ಥೆಯ ಅಧ್ಯಾಪಕರಾದರು.

1982ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ವಾತಾವರಣ ವಿಜ್ಞಾನಗಳ ಕೇಂದ್ರ ಆರಂಭವಾಗುವಲ್ಲಿ ಅವರದು ಪ್ರಮುಖ ಪಾತ್ರ. 1984ರಿಂದ 1993ರವರೆಗೆ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ನಿರ್ದೇಶಕರಾಗಿಯೂ, 1997ರಿಂದ 2004ರವರೆಗೆ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ನಿರ್ದೇಶಕರಾಗಿಯೂ ಸೇವೆ ಸಲ್ಲಿಸಿದರು. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಎಂಜಿನಿಯರಿಂಗ್ ಮೆಕ್ಯಾನಿಕ್ಸ್ ಘಟಕವನ್ನು ಕಟ್ಟಿ ಬೆಳೆಸಿದರು. 1987ರಲ್ಲಿ ಪದ್ಮಭೂಷಣ, 2013ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳಿಗೆ ಭಾಜನರಾದರು. 1992ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು. 2020ರ ಡಿಸೆಂಬರ್ 14ರಂದು ಬೆಂಗಳೂರಿನಲ್ಲಿ ನಿಧನ ಹೊಂದಿದರು.

5. ಪ್ರಕ್ಷುಬ್ಧ ಹರಿವಿನ ಅಧ್ಯಯನ

ನಲ್ಲಿಯನ್ನು ಸ್ವಲ್ಪವೇ ತಿರುಗಿಸಿದಾಗ ನೀರು ಗಾಜಿನ ಕಡ್ಡಿಯಂತೆ ನಿಶ್ಚಲವಾಗಿ ಇಳಿಯುತ್ತದೆ. ಇನ್ನಷ್ಟು ತಿರುಗಿಸಿದಾಗ ಕದಡಿ, ಸದ್ದುಮಾಡುತ್ತಾ ಸುರಿಯುತ್ತದೆ. ಮೊದಲನೆಯದು ಶಾಂತ ಹರಿವು, ಎರಡನೆಯದು ಪ್ರಕ್ಷುಬ್ಧ ಹರಿವು. ವಿಮಾನದ ರೆಕ್ಕೆಯ ಮೇಲಿನ ಗಾಳಿಯಲ್ಲಿಯೂ ಇದೇ ಬದಲಾವಣೆ ನಡೆಯುತ್ತದೆ. ಆದರೆ ಒಂದರಿಂದ ಇನ್ನೊಂದಕ್ಕೆ ಹರಿವು ಒಮ್ಮೆಲೇ ಬದಲಾಗುವುದಿಲ್ಲ. ನಡುವಿನ ವಲಯದಲ್ಲಿ ಪ್ರಕ್ಷುಬ್ಧತೆಯ ಚಿಕ್ಕ ಚಿಕ್ಕ ತೇಪೆಗಳು ಅಲ್ಲಲ್ಲಿ ಹುಟ್ಟಿ, ಹಿಗ್ಗುತ್ತಾ ಹರಿವಿನೊಡನೆ ಸಾಗುತ್ತವೆ.

ಯಾವ ಕ್ಷಣದಲ್ಲಿ, ಯಾವ ಬಿಂದುವಿನಲ್ಲಿ ಮುಂದಿನ ತೇಪೆ ಹುಟ್ಟುತ್ತದೆ ಎಂಬುದನ್ನು ಹೇಳಲಾಗದು. ಆದರೆ ಒಂದು ಬಿಂದುವಿನಲ್ಲಿ ಒಟ್ಟು ಕಾಲದ ಎಷ್ಟು ಪಾಲು ಹರಿವು ಪ್ರಕ್ಷುಬ್ಧವಾಗಿರುತ್ತದೆ ಎಂಬುದಕ್ಕೆ ಖಚಿತವಾದ ಗಣಿತ ನಿಯಮವಿದೆ ಎಂದು 1957ರಲ್ಲಿ, ತಮ್ಮ ಇಪ್ಪತ್ತನಾಲ್ಕನೆಯ ವಯಸ್ಸಿನ ಸುಮಾರಿನಲ್ಲಿ, ನರಸಿಂಹ ಅವರು ತೋರಿಸಿಕೊಟ್ಟರು. ಮರುವರ್ಷ ಧವನ್ ಅವರೊಡನೆ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ಮತ್ತಷ್ಟು ವಿಸ್ತರಿಸಲಾಯಿತು. ಲೊರೆಂಜ್ ಅವರ ಪ್ರಸಿದ್ಧ ಪ್ರಬಂಧಕ್ಕೆ ಆರು ವರ್ಷ ಮೊದಲೇ, ಯಶವಂತಪುರದ ಬಳಿಯ ಗಾಳಿ ಸುರಂಗದ ಅಧ್ಯಯನದಿಂದ ಮೂಡಿದ ಈ ಫಲಿತಾಂಶದಲ್ಲಿ ಒಂದು ಮುಖ್ಯ ತತ್ತ್ವ ಅಡಗಿದೆ: ಒಂದೊಂದು ಘಟನೆಯನ್ನು ಮುಂಚಿತವಾಗಿ ಹೇಳಲಾಗದಿದ್ದರೂ, ಅಂತಹ ಘಟನೆಗಳ ಒಟ್ಟು ಸಂಭವನೀಯತೆಯನ್ನು ಭರವಸೆಯಿಂದ ಹೇಳಬಹುದು. ಇಂದಿನ ಹವಾಮಾನ ಮುನ್ಸೂಚನೆಯೂ ನಿಂತಿರುವುದು ಇದೇ ತತ್ತ್ವದ ಮೇಲೆ.

6. ದೇಶೀಯ ಗಣಕಯಂತ್ರ ಮತ್ತು ‘ವರ್ಷ’ ಮಾದರಿ

ದೋಷ ಬೆಳೆಯುವ ಮುನ್ನವೇ ಲೆಕ್ಕ ಮುಗಿಯಬೇಕು. ನಾಳೆಯ ಹವೆಯ ಲೆಕ್ಕ ನಾಡಿದ್ದು ಮುಗಿದರೆ ಪ್ರಯೋಜನವಿಲ್ಲ. 1980ರ ದಶಕದಲ್ಲಿ ಅಂತಹ ವೇಗದ ಗಣಕಯಂತ್ರಗಳು ಕೆಲವೇ ದೇಶಗಳಲ್ಲಿದ್ದವು. ಅವುಗಳ ರಫ್ತಿನ ಮೇಲೆ ಕಠಿಣ ನಿರ್ಬಂಧಗಳೂ ಇದ್ದವು. ದೆಹಲಿಯ ರಾಷ್ಟ್ರೀಯ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರಕ್ಕೆ ಅಮೆರಿಕದ ಕ್ರೇ ಗಣಕಯಂತ್ರವು ಇಂತಹ ನಿರ್ಬಂಧಗಳ ನಡುವೆಯೇ ಬಂದಿತು.

ಈ ಹಿನ್ನೆಲೆಯಲ್ಲಿ ನರಸಿಂಹ ಅವರು ನಿರ್ದೇಶಕರಾಗಿದ್ದ ವೈಮಾನಿಕ ಪ್ರಯೋಗಾಲಯವು 1986ರಲ್ಲಿ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕಯಂತ್ರವನ್ನು ನಿರ್ಮಿಸಿತು. ಯು.ಎನ್. ಸಿನ್ಹಾ ಅವರ ನೇತೃತ್ವದ ತಂಡವು ಮಾರುಕಟ್ಟೆಯಲ್ಲಿ ದೊರೆಯುತ್ತಿದ್ದ ಸಾಮಾನ್ಯ ಪ್ರೊಸೆಸರುಗಳನ್ನೇ ಜೋಡಿಸಿ, ಒಂದು ದೊಡ್ಡ ಲೆಕ್ಕವನ್ನು ಅವುಗಳ ನಡುವೆ ಹಂಚುವ ವಿಧಾನವನ್ನು ರೂಪಿಸಿತು. ಭಾರತದಲ್ಲಿ ತಯಾರಾದ ಮೊದಲ ಸಮಾಂತರ ಗಣಕಯಂತ್ರ ಇದೆಂದು ಪರಿಗಣಿಸಲಾಗಿದೆ. ವಿಮಾನದ ಸುತ್ತಲಿನ ಹರಿವಿನ ಲೆಕ್ಕಕ್ಕಾಗಿ ಹುಟ್ಟಿದ ಈ ಯಂತ್ರಗಳ ಮುಂದಿನ ಆವೃತ್ತಿಗಳಲ್ಲಿ ಮಧ್ಯಮಾವಧಿ ಹವಾಮಾನ ಮಾದರಿಯನ್ನು ನಡೆಸಲಾಯಿತು. ಅನಂತರ ವೈಮಾನಿಕ ಪ್ರಯೋಗಾಲಯ ಹಾಗೂ ಜಕ್ಕೂರಿನ ಕೇಂದ್ರಗಳ ಸಹಯೋಗದಲ್ಲಿ ‘ವರ್ಷ’ ಎಂಬ ಮುಂಗಾರು ಮುನ್ಸೂಚನಾ ಮಾದರಿಯು ಸಿದ್ಧವಾಯಿತು.

7. ನೆಲದ ಸಮೀಪದ ಗಾಳಿ: ಮಾಂಟ್‌ಬ್ಲೆಕ್ಸ್ ಪ್ರಯೋಗ

ಗಣಕಯಂತ್ರ ಎಷ್ಟೇ ವೇಗದ್ದಾಗಿರಲಿ, ಅದಕ್ಕೆ ನೀಡಿದ ಸೂತ್ರ ನಮ್ಮ ನೆಲಕ್ಕೆ ಒಪ್ಪದಿದ್ದರೆ ಫಲಿತಾಂಶ ಸರಿಯಾಗಿರದು. ಭೂಮಿಯಿಂದ ವಾತಾವರಣಕ್ಕೆ ಶಾಖ ಮತ್ತು ತೇವಾಂಶ ಏರುವ ಪ್ರಮಾಣವನ್ನು ಲೆಕ್ಕ ಹಾಕುವ ಸೂತ್ರಗಳು ಹೆಚ್ಚಾಗಿ ಬಲವಾದ ಗಾಳಿ ಬೀಸುವ ಸಮಶೀತೋಷ್ಣ ದೇಶಗಳ ಅಳತೆಗಳಿಂದ ಬಂದವುಗಳು. ಅವುಗಳ ಪ್ರಕಾರ ಗಾಳಿ ನಿಂತರೆ ಶಾಖದ ಏರಿಕೆಯೂ ಬಹುತೇಕ ನಿಲ್ಲಬೇಕು. ಆದರೆ ಬಿಸಿಲಿಗೆ ಕಾದ ಬಯಲುಸೀಮೆಯ ನೆಲದ ಮೇಲೆ ಎಲೆ ಅಲುಗದ ಮಧ್ಯಾಹ್ನದಲ್ಲಿಯೂ ಬಿಸಿ ಗಾಳಿ ಮೇಲೇಳುತ್ತಿರುತ್ತದೆ.

ಇದನ್ನು ಅಳೆಯುವ ಸಲುವಾಗಿ ‘ಮಾಂಟ್‌ಬ್ಲೆಕ್ಸ್’ ಎಂಬ ರಾಷ್ಟ್ರೀಯ ಪ್ರಯೋಗವನ್ನು 1990ರ ಮುಂಗಾರಿನಲ್ಲಿ ನಡೆಸಲಾಯಿತು. ಇದರ ರೂಪುರೇಷೆಯಲ್ಲಿಯೂ ನೇತೃತ್ವದಲ್ಲಿಯೂ ನರಸಿಂಹ ಅವರು ಮುಂಚೂಣಿಯಲ್ಲಿದ್ದರು. ಉತ್ತರ ಭಾರತದ ಮುಂಗಾರು ಕಡಿಮೆ ಒತ್ತಡ ಪಟ್ಟಿಯ ಉದ್ದಕ್ಕೂ ಜೋಧಪುರ, ದೆಹಲಿ, ವಾರಾಣಸಿ ಮತ್ತು ಖರಗ್‌ಪುರಗಳಲ್ಲಿ 30 ಮೀಟರ್ ಎತ್ತರದ ಗೋಪುರಗಳನ್ನು ನಿಲ್ಲಿಸಿ ಅಳತೆಗಳನ್ನು ದಾಖಲಿಸಲಾಯಿತು. ಜೋಧಪುರದ ಅಂಕಿಅಂಶಗಳ ಆಧಾರದಿಂದ ನರಸಿಂಹ ಮತ್ತು ಸಹೋದ್ಯೋಗಿಗಳು ಮಂದ ಗಾಳಿಯ ಸ್ಥಿತಿಗೆ ಪ್ರತ್ಯೇಕವಾದ ಸೂತ್ರವನ್ನು ರೂಪಿಸಿ 2006ರಲ್ಲಿ ಪ್ರಕಟಿಸಿದರು. ಅದರಂತೆ, ಗಾಳಿ ತೀರ ಮಂದವಾಗಿರುವಾಗ ಶಾಖದ ಏರಿಕೆಯು ಗಾಳಿಯ ವೇಗವನ್ನು ಅವಲಂಬಿಸುವುದಿಲ್ಲ.

ಚಳಿಗಾಲದ ನಿರ್ಮಲ ರಾತ್ರಿಗಳಲ್ಲಿ ಅತಿ ಹೆಚ್ಚು ಚಳಿ ಇರುವುದು ನೆಲದ ಮೇಲಲ್ಲ, ನೆಲದಿಂದ ಒಂದಿಷ್ಟು ಮೇಲೆ ಎಂಬ ವಿಸ್ಮಯವನ್ನು 1932ರಲ್ಲಿ ಎಲ್.ಎ. ರಾಮದಾಸ್ ಅವರು ಗುರುತಿಸಿದ್ದರು. ಇದರ ಕಾರಣವನ್ನು ಕುರಿತೂ ನರಸಿಂಹ ಮತ್ತು ಸಂಗಡಿಗರು 1993ರಲ್ಲಿ ಸಿದ್ಧಾಂತವನ್ನು ಮಂಡಿಸಿದರು. ಜಕ್ಕೂರಿನಲ್ಲಿ ಈ ಸಂಶೋಧನೆ ಮುಂದುವರಿಯಿತು. ಇಬ್ಬನಿ ಹಾಗೂ ಮಂಜು ಕವಿಯುವುದನ್ನು ಅರಿಯಲು ಇಂತಹ ಅಧ್ಯಯನ ಅವಶ್ಯಕವಾಗಿದೆ. ಯಲಹಂಕ ಮತ್ತು ದೇವನಹಳ್ಳಿಯ ವಿಮಾನ ನೆಲೆಗಳಿರುವ ಭಾಗದಲ್ಲಿ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ.

8. ತೊಟ್ಟಿಯಲ್ಲಿ ಮೋಡ

ಮುನ್ಸೂಚನಾ ಮಾದರಿಗಳಲ್ಲಿ ಅನಿಶ್ಚಿತತೆ ಅತಿ ಹೆಚ್ಚಾಗಿರುವುದು ಮೋಡಗಳ ವಿಷಯದಲ್ಲಿ. ನೀರಾವಿ ಹನಿಯಾಗುವಾಗ ಹೊರಬೀಳುವ ಶಾಖವೇ ಮೋಡವನ್ನು ಮೇಲಕ್ಕೆ ಒಯ್ಯುವ ಶಕ್ತಿ. ಒಂದು ಚದರ ಕಿಲೋಮೀಟರಿನ ಮೇಲೆ 50 ಮಿ.ಮೀ. ಮಳೆಯಾದರೆ ಬಿದ್ದ ನೀರು 5 ಕೋಟಿ ಲೀಟರ್. ಅದು ಆವಿಯಿಂದ ಹನಿಯಾಗುವಾಗ ಬಿಡುಗಡೆಯಾದ ಶಾಖ ಸುಮಾರು 3.5 ಕೋಟಿ ಯೂನಿಟ್ ವಿದ್ಯುತ್ತಿಗೆ ಸಮ. ಇಷ್ಟು ಶಕ್ತಿಯ ವಿನಿಮಯವು ಕೆಲವೇ ಕಿಲೋಮೀಟರ್ ಅಗಲದ ಮೋಡದೊಳಗೆ, ಒಂದೆರಡು ಗಂಟೆಗಳಲ್ಲಿ ನಡೆದುಹೋಗುತ್ತದೆ.

ಇದನ್ನು ಪ್ರಯೋಗಾಲಯದಲ್ಲಿ ಅನುಕರಿಸುವ ಸಲುವಾಗಿ ನರಸಿಂಹ, ಜಿ.ಎಸ್. ಭಟ್ ಮತ್ತು ಸಹೋದ್ಯೋಗಿಗಳು ನೀರಿನ ತೊಟ್ಟಿಯೊಂದರಲ್ಲಿ ಕೆಳಗಿನಿಂದ ಮೇಲಕ್ಕೆ ನೀರಿನ ಧಾರೆಯನ್ನು ಹರಿಸಿ, ನಡುವಿನ ಎತ್ತರದಲ್ಲಿ ಆ ಧಾರೆಗೆ ಮಾತ್ರ ವಿದ್ಯುತ್ತಿನಿಂದ ಶಾಖ ನೀಡಿದರು. ಹೀಗೆ ಶಾಖ ಪಡೆದ ಧಾರೆಯು ಹೂಕೋಸಿನಂತಹ ನಿಜವಾದ ಮೋಡದ ಆಕಾರಗಳನ್ನೇ ತಳೆಯಿತು. ಮೋಡವು ಸುತ್ತಲಿನ ಒಣಗಾಳಿಯನ್ನು ಎಷ್ಟರಮಟ್ಟಿಗೆ ಒಳಗೆಳೆದುಕೊಳ್ಳುತ್ತದೆ ಎಂಬುದನ್ನು ಈ ಶಾಖವೇ ಬದಲಿಸುತ್ತದೆಂದು 2011ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ತಿಳಿಸಲಾಯಿತು. ಮೋಡ ಬೆಳೆದು ಮಳೆಯಾಗುವುದೋ ಕರಗಿ ಹೋಗುವುದೋ ಎಂಬುದು ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ.

9. ಇಡೀ ಋತುವಿನ ಮುನ್ಸೂಚನೆ ಹೇಗೆ ಸಾಧ್ಯ?

ಎರಡು ವಾರಗಳಾಚೆಯ ಹವೆಯನ್ನು ಹೇಳಲಾಗದಿದ್ದರೆ, ಏಪ್ರಿಲ್ ತಿಂಗಳಿನಲ್ಲಿಯೇ ಮುಂಗಾರಿನ ಮುನ್ಸೂಚನೆ ನೀಡುವುದು ಹೇಗೆ ಎಂಬ ಸಂದೇಹ ಬರಬಹುದು. ಇಲ್ಲಿ ಕೇಳಲಾಗುವ ಪ್ರಶ್ನೆಯೇ ಬೇರೆಯಾಗಿರುತ್ತದೆ. ಜುಲೈ 18ರಂದು ಹೆಬ್ಬಾಳದಲ್ಲಿ ಮಳೆಯಾಗುವುದೇ ಎಂದು ಹೇಳಲಾಗದು; ಇಡೀ ಋತುವಿನ ಸರಾಸರಿ ಮಳೆ ಹೆಚ್ಚೋ ಕಡಿಮೆಯೋ ಎಂಬುದರ ಸಂಭವನೀಯತೆಯನ್ನು ಹೇಳಬಹುದು. ಸಾಗರದ ಮೇಲ್ಮೈ ಉಷ್ಣತೆಯಂತಹ ನಿಧಾನವಾಗಿ ಬದಲಾಗುವ ಸಂಗತಿಗಳು ಉಷ್ಣವಲಯದ ಮಳೆಯ ಸರಾಸರಿಯನ್ನು ನಿಯಂತ್ರಿಸುತ್ತವೆ ಎಂದು 1981ರಲ್ಲಿ ಜೂಲ್ ಚಾರ್ನಿ ಮತ್ತು ಜಗದೀಶ ಶುಕ್ಲ ಅವರು ಪ್ರತಿಪಾದಿಸಿದರು. ಅದಕ್ಕೆ ಒಂದು ವರ್ಷ ಮೊದಲು, ಡಿ.ಆರ್. ಸಿಕ್ಕಾ ಅವರೊಡನೆ ವಿಜ್ಞಾನ ಸಂಸ್ಥೆಯ ಪ್ರೊ. ಸುಲೋಚನಾ ಗಾಡ್ಗೀಳ್ ಅವರು ಉಪಗ್ರಹ ಚಿತ್ರಗಳ ಆಧಾರದಿಂದ ಮುಂಗಾರು ಮೋಡಗಳ ಪಟ್ಟಿಯು ಸಮುದ್ರದಿಂದ ಉತ್ತರಕ್ಕೆ ಮತ್ತೆ ಮತ್ತೆ ಸರಿಯುವುದನ್ನು ತೋರಿಸಿದ್ದರು. ನರಸಿಂಹ ಅವರೂ ಶತಮಾನಕ್ಕೂ ಮೀರಿದ ಅವಧಿಯ ಮುಂಗಾರು ದಾಖಲೆಗಳನ್ನು ವಿಶ್ಲೇಷಿಸಿ, ಅವುಗಳಲ್ಲಿ ಅಡಗಿರುವ ಆವರ್ತಗಳನ್ನು ಹುಡುಕಿದರು.

ಈ ಮುನ್ಸೂಚನೆಗೂ ಮಿತಿಯುಂಟು. 2002ರಲ್ಲಿ ವಾಡಿಕೆಯ ಮಳೆಯಾಗುವುದೆಂದು ಸೂಚಿಸಲಾಗಿತ್ತು. ಆದರೆ ದೇಶದ ಒಟ್ಟು ಮುಂಗಾರು ಮಳೆ ಸರಾಸರಿಗಿಂತ ಶೇ. 19ರಷ್ಟು ಕಡಿಮೆಯಾಯಿತು. 2001ರಿಂದ 2003ರವರೆಗಿನ ಮೂರು ವರ್ಷಗಳೂ ಕರ್ನಾಟಕಕ್ಕೆ ಬರಗಾಲದ ವರ್ಷಗಳಾಗಿದ್ದವು. ಆದುದರಿಂದಲೇ ಒಂದೇ ಸಂಖ್ಯೆಯ ಬದಲು ‘ವಾಡಿಕೆಗಿಂತ ಕಡಿಮೆ’, ‘ವಾಡಿಕೆ’, ‘ವಾಡಿಕೆಗಿಂತ ಹೆಚ್ಚು’ ಎಂಬ ವರ್ಗಗಳಿಗೆ ಪ್ರತ್ಯೇಕ ಸಂಭವನೀಯತೆಯನ್ನು ನೀಡುವ ಪದ್ಧತಿ ಬೆಳೆದುಬಂದಿದೆ.

10. ಸಮೂಹ ಮುನ್ಸೂಚನೆ

ಆರಂಭದ ಸ್ಥಿತಿ ಪೂರ್ಣವಾಗಿ ತಿಳಿಯದಿರುವಾಗ ಒಂದೇ ಲೆಕ್ಕವನ್ನು ನಂಬುವುದಕ್ಕಿಂತ, ಆರಂಭದ ಅಂಕಿಗಳನ್ನು ಸ್ವಲ್ಪ ಸ್ವಲ್ಪ ಬದಲಿಸಿ ಅನೇಕ ಲೆಕ್ಕಗಳನ್ನು ನಡೆಸುವುದು ಮೇಲು. ಇದಕ್ಕೆ ಸಮೂಹ ಮುನ್ಸೂಚನೆ ಎಂದು ಹೆಸರು. ಹತ್ತರಲ್ಲಿ ಎಂಟು ಲೆಕ್ಕಗಳು ಮಳೆಯನ್ನು ತೋರಿಸಿದರೆ ಮಳೆಯ ಸಂಭವ ಹೆಚ್ಚು; ಲೆಕ್ಕಗಳು ಚೆಲ್ಲಾಪಿಲ್ಲಿಯಾಗಿದ್ದರೆ ಅಂದಿನ ವಾತಾವರಣವೇ ಅನಿಶ್ಚಿತವಾಗಿದೆ ಎಂದರ್ಥ. ಯುರೋಪ್ ಮತ್ತು ಅಮೆರಿಕಗಳಲ್ಲಿ 1992ರಿಂದ ಈ ವಿಧಾನ ದೈನಂದಿನ ಬಳಕೆಗೆ ಬಂದಿತು. ಭಾರತ ಹವಾಮಾನ ಇಲಾಖೆಯು 2018ರಲ್ಲಿ 12 ಕಿಲೋಮೀಟರ್ ವಿಭಾಗದ ಸಮೂಹ ಮುನ್ಸೂಚನಾ ವ್ಯವಸ್ಥೆಯನ್ನು ಜಾರಿಗೆ ತಂದಿತು. 2025ರ ಮೇ ತಿಂಗಳಿನಲ್ಲಿ 6 ಕಿಲೋಮೀಟರ್ ವಿಭಾಗದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ಚಾಲನೆಗೊಂಡಿತು.

11. ಉತ್ತರ ಬೆಂಗಳೂರಿನ ಸಂಸ್ಥೆಗಳು

(ಅ) ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಯಲಹಂಕ: 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಆರಂಭವಾದ ಈ ಸಂಸ್ಥೆಯು 2007ರಲ್ಲಿ ಈಗಿನ ಹೆಸರನ್ನು ಪಡೆಯಿತು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ಅಳವಡಿಸಲಾಗಿದ್ದು, 15 ನಿಮಿಷಗಳಿಗೊಮ್ಮೆ ಮಾಹಿತಿ ದಾಖಲಾಗುತ್ತದೆ. ರೈತರ ಪ್ರಶ್ನೆಗಳಿಗೆ ‘ವರುಣ ಮಿತ್ರ’ ಸಹಾಯವಾಣಿ, ಸಿಡಿಲಿನ ಎಚ್ಚರಿಕೆಗೆ ‘ಸಿಡಿಲು’ ಆ್ಯಪ್ ಹಾಗೂ ವಿಜ್ಞಾನ ಸಂಸ್ಥೆಯ ಸಹಯೋಗದಲ್ಲಿ ನಗರದ ಮಳೆ-ಪ್ರವಾಹ ಮಾಹಿತಿಗೆ ‘ಬೆಂಗಳೂರು ಮೇಘ ಸಂದೇಶ’ ಆ್ಯಪ್‌ಗಳನ್ನು ಈ ಕೇಂದ್ರವು ರೂಪಿಸಿದೆ.

(ಆ) ಕೃಷಿ ವಿಶ್ವವಿದ್ಯಾನಿಲಯ, ಗಾಂಧಿ ಕೃಷಿ ವಿಜ್ಞಾನ ಕೇಂದ್ರ: ಹೆಬ್ಬಾಳ ಮತ್ತು ಯಲಹಂಕಗಳ ನಡುವಿನ ಈ ಆವರಣದಲ್ಲಿ ಕೃಷಿ ಹವಾಮಾನ ವಿಭಾಗವಿದೆ. ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಆಧರಿಸಿದ ಬೆಳೆ ಸಲಹೆಗಳನ್ನು ವಾರಕ್ಕೆ ಎರಡು ಬಾರಿ, ಮಂಗಳವಾರ ಮತ್ತು ಶುಕ್ರವಾರಗಳಂದು ನೀಡಲಾಗುತ್ತದೆ.

(ಇ) ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಜವಾಹರಲಾಲ್ ನೆಹರು ಕೇಂದ್ರ: ಇವು ಸಂಶೋಧನಾ ಸಂಸ್ಥೆಗಳು. ದೈನಂದಿನ ಮುನ್ಸೂಚನೆಗಾಗಿ ನಾಗರಿಕರು ಇವುಗಳನ್ನು ಸಂಪರ್ಕಿಸುವ ಅವಶ್ಯಕತೆಯಿರುವುದಿಲ್ಲ.

ಈ ಭಾಗಕ್ಕೆ ಮಳೆಯ ಅನಿಶ್ಚಿತತೆ ಪುಸ್ತಕದ ವಿಷಯವಲ್ಲ. 2021ರ ನವೆಂಬರಿನಲ್ಲಿ ರಾತ್ರಿ ಸುರಿದ ಮಳೆಗೆ ಯಲಹಂಕ ಕೆರೆ ತುಂಬಿ ಹರಿದು ಕೇಂದ್ರೀಯ ವಿಹಾರ ವಸತಿ ಸಮುಚ್ಚಯ ಜಲಾವೃತವಾಯಿತು; ಜಕ್ಕೂರಿನ ಸಂಶೋಧನಾ ಕೇಂದ್ರದ ಪ್ರಯೋಗಾಲಯಗಳಿಗೂ ನೀರು ನುಗ್ಗಿತು. 2024ರ ಅಕ್ಟೋಬರಿನಲ್ಲಿ ಅದೇ ವಸತಿ ಸಮುಚ್ಚಯ ಮತ್ತೊಮ್ಮೆ ಮುಳುಗಿ, ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಭಾರಿ ಮಳೆಯ ಸಂಭವವನ್ನು ಒಂದೆರಡು ದಿನ ಮೊದಲೇ ಜಿಲ್ಲೆಯ ಮಟ್ಟದಲ್ಲಿ ಹೇಳಬಹುದು. ಅದು ಯಲಹಂಕದ ಮೇಲೆ ಬೀಳುವುದೋ ಆರ್.ಟಿ. ನಗರದ ಮೇಲೆ ಬೀಳುವುದೋ ಎಂಬುದು ಹಲವು ವೇಳೆ ಮೋಡ ಕಟ್ಟಿದ ಬಳಿಕವೇ ಸ್ಪಷ್ಟವಾಗುತ್ತದೆ.

12. ಮುನ್ಸೂಚನೆಯನ್ನು ಓದುವ ಕ್ರಮ

ಮಳೆಯ ವ್ಯಾಪ್ತಿ: ‘ಒಂದೆರಡು ಕಡೆ’ ಎಂದರೆ ಪ್ರದೇಶದ ಶೇ. 25ರವರೆಗಿನ ಮಳೆಮಾಪನ ಕೇಂದ್ರಗಳಲ್ಲಿ. ‘ಕೆಲವು ಕಡೆ’ ಎಂದರೆ ಶೇ. 26–50, ‘ಹಲವು ಕಡೆ’ ಎಂದರೆ ಶೇ. 51–75, ‘ಬಹುತೇಕ ಕಡೆ’ ಎಂದರೆ ಶೇ. 76ಕ್ಕಿಂತ ಹೆಚ್ಚು ಕೇಂದ್ರಗಳಲ್ಲಿ ಮಳೆ. ‘ಒಂದೆರಡು ಕಡೆ ಮಳೆ’ ಎಂದಿದ್ದ ದಿನ ಒಂದು ಊರಿನಲ್ಲಿ ಮಳೆಯಾಗದಿದ್ದರೆ ಮುನ್ಸೂಚನೆ ತಪ್ಪಾಯಿತೆಂದು ಅರ್ಥವಲ್ಲ.

ಮಳೆಯ ಪ್ರಮಾಣ (24 ಗಂಟೆಗಳಲ್ಲಿ): 64.5 ಮಿ.ಮೀ.ನಿಂದ 115.5 ಮಿ.ಮೀ.ವರೆಗೆ ಭಾರಿ ಮಳೆ, 115.6 ಮಿ.ಮೀ.ನಿಂದ 204.4 ಮಿ.ಮೀ.ವರೆಗೆ ಅತಿ ಭಾರಿ ಮಳೆ. ಅದಕ್ಕೂ ಮೇಲ್ಪಟ್ಟು ಅತ್ಯಧಿಕ ಮಳೆ.

ಬಣ್ಣದ ಸಂಕೇತ: ಹಸಿರು – ಎಚ್ಚರಿಕೆ ಇಲ್ಲ, ಹಳದಿ – ಗಮನವಿರಲಿ, ಕಿತ್ತಳೆ – ಸಿದ್ಧರಾಗಿರಿ, ಕೆಂಪು – ಕ್ರಮ ಕೈಗೊಳ್ಳಿ.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಿಗದಿತ ದಿನಾಂಕದ ಸಮಾರಂಭಕ್ಕೆ ಒಂದು ತಿಂಗಳು ಮೊದಲೇ ಮಳೆಯ ಮುನ್ಸೂಚನೆ ದೊರೆಯುವುದೇ?
ಉತ್ತರ: ಇಲ್ಲ. ಆ ತಿಂಗಳಿನ ವಾಡಿಕೆ ಮಳೆಯ ಅಂಕಿಅಂಶವನ್ನು ನೋಡಬಹುದು. ಐದು ದಿನ ಮೊದಲಿನಿಂದ ಪ್ರತಿದಿನದ ಮುನ್ಸೂಚನೆಯನ್ನು ಗಮನಿಸುವುದು ಸೂಕ್ತ.

ಪ್ರಶ್ನೆ: ಮುನ್ಸೂಚನೆ ಪ್ರತಿದಿನ ಬದಲಾಗುವುದೇಕೆ?
ಉತ್ತರ: ಹೊಸ ಅಳತೆಗಳು ಬಂದಂತೆ ಲೆಕ್ಕವನ್ನು ಹೊಸದಾಗಿ ಮಾಡಲಾಗುತ್ತದೆ. ಕೊನೆಯದಾಗಿ ಪ್ರಕಟವಾದ ಮುನ್ಸೂಚನೆಯನ್ನೇ ಅನುಸರಿಸತಕ್ಕದ್ದು. ಹಳೆಯ ಸಂದೇಶಗಳನ್ನು ಇತರರಿಗೆ ರವಾನಿಸಬಾರದು.

ಪ್ರಶ್ನೆ: ಬೆಳೆ ವಿಮೆಯ ಪರಿಹಾರಕ್ಕೆ ಮುನ್ಸೂಚನೆಯನ್ನು ದಾಖಲೆಯಾಗಿ ಸಲ್ಲಿಸಬಹುದೇ?
ಉತ್ತರ: ಇಲ್ಲ. ಮುನ್ಸೂಚನೆಯು ಸಂಭವನೀಯತೆ ಮಾತ್ರ. ಮಳೆಮಾಪಕದಲ್ಲಿ ದಾಖಲಾದ ಪ್ರಮಾಣವೇ ವಾಸ್ತವಾಂಶ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ದಾಖಲಾದ ಅಂಕಿಅಂಶಗಳನ್ನೇ ಪರಿಗಣಿಸಲಾಗುತ್ತದೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಡಿ ಸ್ಥಳೀಯ ವಿಕೋಪದಿಂದ ಬೆಳೆ ಹಾನಿಯಾದಲ್ಲಿ 72 ಗಂಟೆಗಳೊಳಗೆ ತಿಳಿಸಬೇಕಾಗಿರುತ್ತದೆ.

ಪ್ರಶ್ನೆ: ಸಂಭವನೀಯತೆಯಿಂದ ರೈತರಿಗೆ ಏನು ಪ್ರಯೋಜನ?
ಉತ್ತರ: ಒಂದು ದಿನದ ಮಳೆಯನ್ನು ಹೇಳಲಾಗದಿದ್ದರೂ, ಹಲವು ದಶಕಗಳ ದಾಖಲೆಯಿಂದ ಯಾವ ಅವಧಿಯ ಬಿತ್ತನೆಗೆ ನಷ್ಟದ ಸಂಭವ ಕಡಿಮೆ ಎಂದು ತಿಳಿಯಬಹುದು. ಅನಂತಪುರ ಪ್ರದೇಶದ ಮಳೆಯಾಶ್ರಿತ ಶೇಂಗಾ ಬೆಳೆಯ ಬಗೆಗೆ ಪ್ರೊ. ಗಾಡ್ಗೀಳ್ ಮತ್ತು ಸಹೋದ್ಯೋಗಿಗಳು ಇಂತಹ ಅಧ್ಯಯನವನ್ನು ರೈತರೊಡನೆ ಸಮಾಲೋಚಿಸಿ ನಡೆಸಿದ್ದಾರೆ.

14. ನಾಗರಿಕರ ಗಮನಕ್ಕೆ

ಮುನ್ಸೂಚನೆಗೆ ಮಿತಿಯಿದೆ ಎಂದಾಕ್ಷಣ ಅದನ್ನು ಕಡೆಗಣಿಸುವುದು ಸರಿಯಲ್ಲ. ಮಿತಿ ಎಲ್ಲಿದೆ ಎಂದು ತಿಳಿದಿರುವುದರಿಂದಲೇ ಅದರೊಳಗಿನ ಮುನ್ಸೂಚನೆಯನ್ನು ನಂಬಬಹುದಾಗಿದೆ. ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಪ್ರಕಟವಾದಾಗ ಮಳೆ ಬಾರದಿದ್ದರೆ ಆಗುವುದು ಒಂದು ದಿನದ ಅನಾನುಕೂಲ. ಎಚ್ಚರಿಕೆಯನ್ನು ಲೆಕ್ಕಿಸದೆ ಇದ್ದಾಗ ಮಳೆ ಬಂದರೆ ಜೀವಹಾನಿಯೇ ಆಗಬಹುದು. ಆದುದರಿಂದ ಕೆರೆ ಹಾಗೂ ರಾಜಕಾಲುವೆಗಳ ಸಮೀಪದ ತಗ್ಗು ಪ್ರದೇಶಗಳ ನಿವಾಸಿಗಳು ಮತ್ತು ರೈತ ಬಾಂಧವರು ಅಧಿಕೃತ ಮೂಲಗಳಿಂದ ಮಾತ್ರ ಮಾಹಿತಿಯನ್ನು ಪಡೆದು, ಸ್ಥಳೀಯ ಆಡಳಿತದ ಸೂಚನೆಗಳನ್ನು ಪಾಲಿಸತಕ್ಕದ್ದು. ಗ್ರಾಮ ಪಂಚಾಯಿತಿಗಳಲ್ಲಿ ಅಳವಡಿಸಿರುವ ಮಳೆಮಾಪಕಗಳಿಗೆ ಹಾನಿಯಾಗದಂತೆ, ಅವುಗಳ ಸುತ್ತ ಮರ-ಗಿಡಗಳಾಗಲೀ ಕಟ್ಟಡಗಳಾಗಲೀ ಅಡ್ಡಿಯಾಗದಂತೆ ನೋಡಿಕೊಳ್ಳುವುದರಲ್ಲಿ ಸಾರ್ವಜನಿಕರ ಸಹಕಾರ ಅತ್ಯಗತ್ಯ. ಆರಂಭದ ಅಳತೆ ಎಷ್ಟು ನಿಖರವಾಗಿರುತ್ತದೆಯೋ, ಮುಂದಿನ ಸೂಚನೆಯೂ ಅಷ್ಟೇ ನಂಬಲರ್ಹವಾಗಿರುತ್ತದೆ.